ಕೊನೆ ಬಸ್ಸಿಗೆ ಮುಂಚೆ

"ನಿಂದು ಯಾವ ಬಸ್ಸು?"

ಸಭೆ ಶುರುವಾಗಿದ್ದೇ ಈ ಪ್ರಶ್ನೆಯಿಂದ. ಪ್ರಾರ್ಥನೆ ಇನ್ನೂ ಆಗಿರಲಿಲ್ಲ, ಸ್ವಾಗತವೂ ಆಗಿರಲಿಲ್ಲ. ಹೆಂಗಸರ ಸ್ವಸಹಾಯ ಗುಂಪುಗಳ ಒಕ್ಕೂಟದ ಅಧ್ಯಕ್ಷೆ ನೋಟ್‌ಬುಕ್ಕಿನ ಕೊನೆ ಪುಟ ತೆಗೆದು ಒಬ್ಬೊಬ್ಬರನ್ನೇ ಕೇಳುತ್ತಾ ಹೋದರು. ಒಬ್ಬರು ಮೂರೂಕಾಲಿನ ಬಸ್ಸು ಅಂದರು. ಇನ್ನೊಬ್ಬರು, ನಂಗೆ ಬಸ್ಸಿಲ್ಲ ಅಕ್ಕಾ, ಮಗ ಬೈಕ್ ತರ್ತಾನೆ, ಬಂದ್ರೆ ಬಂದ ಇಲ್ಲಾಂದ್ರೆ ಇಲ್ಲ ಅಂದರು. ಮತ್ತೊಬ್ಬರು ನಡೆದೇ ಹೋಗುವವರು. ಮಧ್ಯೆ ಒಂದು ಹಳ್ಳ ಇದೆ, ಮಳೆ ಜಾಸ್ತಿ ಆದರೆ ದಾಟುವುದಕ್ಕಾಗಲ್ಲ. ಎಲ್ಲಾ ಬರೆದುಕೊಂಡು ಅವರು ಗೋಡೆ ಗಡಿಯಾರ ನೋಡಿದರು. "ಹಂಗಾದ್ರೆ ಮೂರಕ್ಕೆ ಮುಗೀಬೇಕು. ಮೇಡಂ, ನಿಮ್ಮ ಸಾಲದ ವಿಷಯ ಮೊದಲು ಹೇಳಿಬಿಡಿ. ಭಾಷಣ ಬೇಡ."

ಮೇಡಂ ಅಂದರೆ ನಾನೇ. ಶಿವಮೊಗ್ಗದ ಒಂದು ಸಹಕಾರಿ ಸಂಸ್ಥೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಇದ್ದೇನೆ, ಆರು ವರ್ಷದಿಂದ ಮ್ಯಾನೇಜರ್. ಹೆಂಗಸರ ಸ್ವಸಹಾಯ ಗುಂಪುಗಳ ಸಾಲದ ಫೈಲುಗಳು ನನ್ನ ಟೇಬಲ್ಲಿಗೆ ಬರುತ್ತವೆ, ಹಾಗಾಗಿ ಊರೂರು ತಿರುಗುವ ಭಾಗ್ಯ. ಇದು ನಡೆದದ್ದು ಹೋದ ವರ್ಷ ಜುಲೈನಲ್ಲಿ, ಹೊಸನಗರ ದಾಟಿ ನಗರ ಅನ್ನುವ ಊರಿನ ಕಡೆ ಹೋಗುವಾಗ ಸಿಗುವ ಒಂದು ಪಂಚಾಯಿತಿಯ ಸಭಾಂಗಣದಲ್ಲಿ. ಆಚೆ ಹೆಂಚಿನಿಂದ ನೀರು ಹಗ್ಗದ ಹಾಗೆ ಸುರಿಯುತ್ತಿತ್ತು. ಬಾಗಿಲ ಹತ್ತಿರ ಮೂವತ್ತು ನಲವತ್ತು ಛತ್ರಿ. ಒಬ್ಬರು ಸೀರೆ ನೆರಿಗೆ ಎತ್ತಿ ಕಾಲಿಗೆ ಹತ್ತಿದ ಇಂಬಳ ಕಿತ್ತು ಕಿಟಕಿಯಿಂದ ಎಸೆದು, ಏನೂ ಆಗದವರ ಹಾಗೆ ಬಂದು ಕೂತರು.

ಮೊದಲು ಈ ಸಭೆ ಮಧ್ಯಾಹ್ನ ಮೂರಕ್ಕೆ ಇರುತ್ತಿತ್ತಂತೆ. ಯಾಕೆ ಮೂರಕ್ಕೆ ಅಂದರೆ ಅಧಿಕಾರಿಗಳು ಊಟ ಮುಗಿಸಿ ಬರುವ ಹೊತ್ತು ಅದು. ದೂರದ ಮಜರೆಯವರು ಬರುತ್ತಲೇ ಇರಲಿಲ್ಲ, ಬಂದರೂ ಅರ್ಧಕ್ಕೆ ಎದ್ದು ಬಸ್ಸಿಗೆ ಓಡುತ್ತಿದ್ದರು. ರಸ್ತೆ ಬದಿ ಮನೆ ಇರುವ ನಾಲ್ಕೈದು ಜನರೇ ಕೊನೆತನಕ ಕೂರುವುದು, ಪದಾಧಿಕಾರಿಗಳಾಗುವುದೂ ಅವರೇ, ಸಾಲ ಮೊದಲು ಸಿಗುವುದೂ ಅವರ ಗುಂಪಿಗೇ. ಯಾರೂ ಮೋಸ ಮಾಡಿದ್ದಲ್ಲ. ಬಸ್ಸಿನ ಟೈಮೇ ಎಲ್ಲಾ ತೀರ್ಮಾನ ಮಾಡುತ್ತಿತ್ತು. ಈ ಅಕ್ಕ ಅಧ್ಯಕ್ಷೆ ಆದ ತಿಂಗಳೇ ಸಭೆಯನ್ನು ಹನ್ನೊಂದು ಗಂಟೆಗೆ ತಂದರು. ಅಧಿಕಾರಿಗಳಿಗೆ ಸ್ವಲ್ಪ ಬೇಜಾರಾಯಿತಂತೆ. ಆಗಲಿ ಬಿಡಿ.

2023ರ ಜೂನ್‌ನಿಂದ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲ ಅಂತ ಬೆಂಗಳೂರಿನ ನನ್ನ ತಂಗಿ ಆಗಾಗ ನೆನಪಿಸುತ್ತಾಳೆ. ನಿಜ, ಶಿವಮೊಗ್ಗ ಪೇಟೆಗೆ ಬರುವವರಿಗೆ ಅದು ದೊಡ್ಡ ಅನುಕೂಲವೇ. ಆದರೆ ಮಲೆನಾಡಿನ ಒಳದಾರಿಗಳಲ್ಲಿ ಓಡುವುದು ಹೆಚ್ಚಿಗೆ ಖಾಸಗಿ ಬಸ್ಸು. ಅಲ್ಲಿ ಶಕ್ತಿ ಯೋಜನೆ ಇಲ್ಲ. ಬಸ್ಸೇ ಇಲ್ಲದ ದಾರಿಯಲ್ಲಂತೂ ಟಿಕೆಟ್ ಪುಕ್ಕಟೆ ಆದರೆಷ್ಟು, ಬಿಟ್ಟರೆಷ್ಟು.

ಆ ದಿನ ವಾಪಸ್ ಬರುವಾಗ ಜೀಪಿನಲ್ಲಿ ಕೂತು ಯೋಚಿಸಿದೆ. ಹೆಂಗಸರು ಹೆಂಗಸರನ್ನು ಮೇಲೆ ತರಬೇಕು ಅನ್ನುವ ಮಾತನ್ನು ನಾನು ಎಷ್ಟು ಸಲ ಕೇಳಿಲ್ಲ, ಎಷ್ಟು ಸಲ ನಾನೇ ಮೈಕ್ ಹಿಡಿದು ಹೇಳಿಲ್ಲ! ಮಾರ್ಚ್ 8ರ ಮಹಿಳಾ ದಿನ ಬಂದರೆ ನಮ್ಮ ಜಿಲ್ಲೆಯಲ್ಲಿ ಭಾಷಣ ಶುರುವಾಗುವುದೇ ಎರಡು ಹೆಸರಿನಿಂದ. ಶಿಕಾರಿಪುರ ತಾಲೂಕಿನ ಉಡುತಡಿಯ ಅಕ್ಕಮಹಾದೇವಿ, ಆಮೇಲೆ ಕೆಳದಿ ಚೆನ್ನಮ್ಮ. ಹೆಮ್ಮೆ ಪಡುವಂಥ ಹೆಸರುಗಳೇ, ಅದರಲ್ಲಿ ಎರಡು ಮಾತಿಲ್ಲ. ಗಂಡ ಸತ್ತ ಮೇಲೆ ಚೆನ್ನಮ್ಮ ಹದಿನೇಳನೇ ಶತಮಾನದ ಕೊನೆಗೆ ಹೆಚ್ಚುಕಡಿಮೆ 25 ವರ್ಷ ಈ ಸೀಮೆ ಆಳಿದಳು. ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟು ಔರಂಗಜೇಬನ ಸೈನ್ಯವನ್ನು ಎದುರು ಹಾಕಿಕೊಂಡಳು. ನಗರದ ಕೋಟೆ ಹತ್ತಿರ ಹೋದಾಗಲೆಲ್ಲಾ ನನಗೆ ಮೈ ಜುಮ್ಮೆನ್ನುತ್ತದೆ. ಆದರೆ ಅವಳ ಕೈಕೆಳಗೆ ಯಾವ ಹೆಂಗಸು ಲೆಕ್ಕ ಬರೆಯಲು ಕಲಿತಳು, ಯಾವಳು ಉಗ್ರಾಣದ ಕೀಲಿ ಹಿಡಿದಳು ಅಂತ ಯಾರೂ ಕೇಳುವುದಿಲ್ಲ. ರಾಣಿಯರ ಹತ್ತಿರ ಅದನ್ನು ಕೇಳುವ ರೂಢಿಯೇ ಇಲ್ಲವಲ್ಲ.

ಕೀಲಿ ಅಂದಾಗ ನೆನಪಾಯಿತು. ನನ್ನ ಮೊದಲ ಮೇಲಧಿಕಾರಿ ಹೆಂಗಸು. ಯಾವ ಆಫೀಸು ಅಂತ ಹೇಳುವುದಿಲ್ಲ, ಈಗ ಅವರು ನಿವೃತ್ತರು, ನೆಮ್ಮದಿಯಾಗಿರಲಿ. ಆ ಕಟ್ಟಡದಲ್ಲಿ ಆ ಕುರ್ಚಿಗೆ ಬಂದ ಮೊದಲ ಹೆಂಗಸು ಅವರು. ನಾನು ಸೇರಿದಾಗ ನನಗೆ ಇಪ್ಪತ್ತೈದು. ಮೊದಲ ದಿನವೇ ಹೇಳಿದರು, "ಅಳೋದು, ರಜೆ ಕೇಳೋದು, ಮನೆ ಕಥೆ ಹೇಳೋದು, ಇದ್ಯಾವುದೂ ನನ್ನ ಹತ್ರ ನಡೆಯಲ್ಲ." ಎರಡು ವರ್ಷದ ಮೇಲೆ ಮಗನಿಗೆ ಜ್ವರ ಬಂದು ಮೂರು ದಿನ ರಜೆ ಕೇಳಿದೆ. ಅವರು ತಲೆ ಎತ್ತದೆ ಹೇಳಿದ್ದು ಇವತ್ತಿಗೂ ನೆನಪಿದೆ. "ನಾನು ಹೆತ್ತು ನಲವತ್ತೈದನೇ ದಿನಕ್ಕೆ ಡ್ಯೂಟಿಗೆ ಬಂದಿದ್ದೆ." ಅಷ್ಟೇ. ರಜೆ ಸಿಗಲಿಲ್ಲ.

ಆ ಆಫೀಸಿನಲ್ಲಿ ಹೆಂಗಸರ ಶೌಚಾಲಯ ಒಂದೇ ಇತ್ತು. ಅದಕ್ಕೆ ಬೀಗ. ಬೀಗದ ಕೈ ಅವರ ಹ್ಯಾಂಡ್‌ಬ್ಯಾಗಿನಲ್ಲಿ, ಕೆಂಪು ದಾರ ಕಟ್ಟಿದ್ದು. ಹೋಗಬೇಕಾದರೆ ಅವರ ಕ್ಯಾಬಿನ್ನಿಗೆ ಹೋಗಿ ನಿಂತು ಕೇಳಬೇಕು. ಒಳಗೆ ಯಾರಾದರೂ ಇದ್ದರೆ ಕಾಯಬೇಕು. ನಾವು ನಾಲ್ಕು ಜನ ಹುಡುಗಿಯರು ನೀರು ಕುಡಿಯುವುದನ್ನೇ ಕಮ್ಮಿ ಮಾಡಿದ್ದೆವು. ಅವರನ್ನು ಬೈದುಕೊಂಡಷ್ಟು ನಾನು ಇನ್ಯಾರನ್ನೂ ಬೈದುಕೊಂಡಿಲ್ಲ. ಹೆಣ್ಣಿಗೆ ಹೆಣ್ಣೇ ಶತ್ರು ಅಂತ ಆಫೀಸಿನ ಗಂಡಸರು ನಗುತ್ತಾ ಹೇಳಿದರೆ ನಾವೂ ಹೌದೌದು ಅನ್ನುತ್ತಿದ್ದೆವು.

ಬಹಳ ವರ್ಷದ ಮೇಲೆ ಅಲ್ಲಿಯ ಹಳೆಯ ಅಟೆಂಡರ್ ಒಬ್ಬರು ಇನ್ನರ್ಧ ಕಥೆ ಹೇಳಿದರು. ಮೇಡಂ ಸೇರಿದಾಗ ಆ ಕಟ್ಟಡದಲ್ಲಿ ಹೆಂಗಸರಿಗೆ ಶೌಚಾಲಯವೇ ಇರಲಿಲ್ಲ. ಅವರು ಹಿಂದಿನ ಬೀದಿಯ ಒಂದು ಮನೆಗೆ ಹೋಗಿ ಬರುತ್ತಿದ್ದರು. ಅರ್ಜಿ ಕೊಟ್ಟು, ಬೈಸಿಕೊಂಡು, ಮತ್ತೆ ಅರ್ಜಿ ಕೊಟ್ಟು ಕೊನೆಗೂ ಒಂದನ್ನು ಕಟ್ಟಿಸಿದರು. ಬೀಗ ಹಾಕದಿದ್ದ ಮೊದಲ ವಾರವೇ ಗಂಡಸರು ಬಳಸಿ, ಬೀಡಿ ತುಂಡು ಎಸೆದು ಹಾಳು ಮಾಡಿದರಂತೆ. ಅವತ್ತು ಹಾಕಿದ ಬೀಗ.

ಹೀಗೆ ಗೊತ್ತಾದ ಮೇಲೆ ಅವರ ಮೇಲಿನ ಸಿಟ್ಟು ಹೋಯಿತಾ? ಪೂರ್ತಿ ಹೋಗಲಿಲ್ಲ. ಕೀ ಒಂದು ಮೊಳೆಗೆ ನೇತು ಹಾಕಬಹುದಿತ್ತು. ಇನ್ನೊಂದು ಮಾಡಿಸಬಹುದಿತ್ತು. ಆದರೆ ಇದನ್ನು ಬರೆಯುವಾಗ ಒಂದು ಮಾತು ಬಾಯಿ ಬಿಡಲೇಬೇಕು. ಅವರು ಹೋದ ಮೇಲೆ ಆ ಕೆಂಪು ದಾರದ ಕೀ ನನ್ನ ಕೈಗೇ ಬಂತು. ನಾನು ಆ ಆಫೀಸು ಬಿಡುವವರೆಗೆ ಅದು ನನ್ನ ಡ್ರಾದಲ್ಲೇ ಇತ್ತು. ಹೊಸ ಹುಡುಗಿಯರು ನನ್ನ ಟೇಬಲ್ ಮುಂದೆ ಬಂದು ನಿಲ್ಲುತ್ತಿದ್ದರು. ನನಗೆ ಅದು ಒಂಥರಾ ಹಿತವಾಗಿಯೇ ಇತ್ತು.

ಇಂಥ ಮೇಲಧಿಕಾರಿಗಳಿಗೆ ಇಂಗ್ಲಿಷಿನವರು ಇಟ್ಟ ಹೆಸರು ರಾಣಿ ಜೇನು. 1970ರ ದಶಕದ ಮೊದಲಲ್ಲಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ಮನಃಶಾಸ್ತ್ರಜ್ಞರು ಚಾಲ್ತಿಗೆ ತಂದದ್ದು. ಗಂಡಸರ ಜಾಗದಲ್ಲಿ ಮೇಲೆ ಬಂದ ಹೆಂಗಸು ತಾನು ಬಂದ ಏಣಿಯನ್ನೇ ಎಳೆದುಕೊಂಡುಬಿಡುತ್ತಾಳೆ ಅಂತ. ಆ ಮೇಲೆ ಈ ಮಾತನ್ನು ಕೆದಕಿ ನೋಡಿದವರೂ ಇದ್ದಾರೆ. 2011ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಬೆಲ್ಲೆ ಡರ್ಕ್ಸ್ ಮತ್ತು ಜೊತೆಯವರು ನೆದರ್ಲೆಂಡ್ಸ್‌ನ ಹಿರಿಯ ಮಹಿಳಾ ಪೊಲೀಸರಿಗೆ, ಕೆಲಸದಲ್ಲಿ ಹೆಣ್ಣೆಂಬ ಕಾರಣಕ್ಕೆ ಆದ ಅನ್ಯಾಯ ನೆನಪು ಮಾಡಿಕೊಳ್ಳಿ ಅಂದರು. ನಾನು ಉಳಿದ ಹೆಂಗಸರ ಹಾಗಲ್ಲ ಅಂತ ಮೊದಲೇ ದೂರ ನಿಂತವರು, ಆ ನೆನಪಾದ ಮೇಲೆ ಇನ್ನೂ ದೂರ ಸರಿದರು. ಹೆಂಗಸರ ಜೊತೆ ತನ್ನನ್ನು ಗುರುತಿಸಿಕೊಂಡವರಿಗೆ ಅದೇ ನೆನಪು ಬೇರೆ ಹೆಂಗಸರಿಗೆ ನೆರವಾಗಬೇಕು ಅನ್ನುವ ಮನಸ್ಸು ತಂದಿತು. ಅಂದರೆ ಏಟು ಇಬ್ಬರಿಗೂ ಬಿದ್ದಿದೆ. ಏಟು ತಿಂದು ಒಬ್ಬಳು ಬೀಗ ಹಾಕಿದಳು, ಇನ್ನೊಬ್ಬಳು ಬಸ್ಸಿನ ಟೈಮ್ ಕೇಳಿದಳು. ಏಟು ಕೊಟ್ಟವರ ಬಗ್ಗೆ ಮಾತ್ರ ಯಾವ ಗಾದೆಯೂ ಹುಟ್ಟಿಲ್ಲ ನೋಡಿ.

ರಾಣಿ ಜೇನಿನ ಮಾತನ್ನು ನನ್ನ ಅಣ್ಣನಿಗೆ ಹೇಳಿದರೆ ಅವನು ಜೋರಾಗಿ ನಕ್ಕ. ಅವನ ತೋಟದಲ್ಲಿ ತುಡುವೆ ಜೇನಿನ ಪೆಟ್ಟಿಗೆಗಳಿವೆ. "ರಾಣಿ ಎಲ್ಲಿ ಆಳ್ತದೆ ಮಾರಾಯ್ತಿ? ಅದು ಮೊಟ್ಟೆ ಇಡೋದಷ್ಟೇ. ಮುಂದಿನ ರಾಣಿ ಬೇಕು ಅಂತ ತೀರ್ಮಾನ ಮಾಡೋವು ಕೆಲಸದ ಹುಳಗಳು." ಆಮೇಲೆ ಪೆಟ್ಟಿಗೆ ಮುಚ್ಚಳ ತೆಗೆದು ಎರಿಯ ಕೆಳತುದಿ ತೋರಿಸಿದ. ಶೇಂಗಾ ಕಾಯಿಯ ಹಾಗೆ ಇಳಿಬಿದ್ದ ಎರಡು ಮೂರು ಗೂಡು. ಅವು ರಾಣಿ ಗೂಡುಗಳು. ಎಲ್ಲಾ ಮರಿಗಳ ಹಾಗೇ ಇರುವ ಮರಿಗೆ ಬೇರೆ ಮೇವು ಕೊಟ್ಟು, ದೊಡ್ಡ ಗೂಡು ಕಟ್ಟಿ ರಾಣಿ ಮಾಡುತ್ತವೆ. ಹೊಸ ರಾಣಿ ಹೊರಗೆ ಬರುವ ಮೊದಲೇ ಹಳೇ ರಾಣಿ ಒಂದಿಷ್ಟು ಹುಳ ಕರಕೊಂಡು ಹೊರಡುತ್ತದೆ. ಕಟ್ಟಿದ ಎರಿ, ತುಂಬಿದ ತುಪ್ಪ, ಮನೆ ಎಲ್ಲಾ ಮಗಳಿಗೆ. ಹಳಬಳು ಮರದ ಪೊಟರೆ ಹುಡುಕಿ ಮೊದಲಿನಿಂದ ಶುರು ಮಾಡಬೇಕು. ಜೇನು ಪಾಲಾಗುವುದು ಅಂದರೆ ಇದೇ.

ಆಹಾ ಎಂಥ ಉದಾಹರಣೆ, ಮುಂದಿನ ಮಾರ್ಚ್ 8ಕ್ಕೆ ಭಾಷಣ ರೆಡಿ ಅಂದುಕೊಂಡೆ. ಅಷ್ಟರಲ್ಲಿ ಅವನೇ ಹೇಳಿದ, "ಆದ್ರೆ ಮೊದಲು ಹೊರಗೆ ಬಂದ ಹೊಸ ರಾಣಿ ಬಾಕಿ ಗೂಡಲ್ಲಿರೋ ತಂಗಿಯರನ್ನ ಚುಚ್ಚಿ ಕೊಲ್ತದೆ, ಅದೂ ಹೇಳು." ಹುಳಗಳನ್ನು ಅವುಗಳ ಪಾಡಿಗೆ ಬಿಡುವುದೇ ವಾಸಿ.

ಮನುಷ್ಯರ ಲೆಕ್ಕಕ್ಕೆ ಬರುತ್ತೇನೆ. ನನ್ನ ಹಳೇ ಮೇಡಂ ಇದ್ದ ಜಾಗದಲ್ಲಿ ಹೆಂಗಸಿಗೆ ಅಂತ ಕುರ್ಚಿ ಇದ್ದದ್ದು ಒಂದೇ. ಒಂದೇ ಕುರ್ಚಿ ಇದ್ದರೆ ಹಿಂದೆ ಬರುವವಳು ನನ್ನ ಕುರ್ಚಿಗೇ ಬರುವವಳು. ಅವಳನ್ನು ನಾನು ಬೆಳೆಸಬೇಕು ಅಂದರೆ ನನ್ನನ್ನು ನಾನೇ ಎಬ್ಬಿಸಿದ ಹಾಗೆ. ಗಂಡಸರಿಗೆ ಈ ತಾಪತ್ರಯ ಇಲ್ಲ. ಅವರಿಗೆ ಹತ್ತು ಕುರ್ಚಿ ಇದೆ, ಒಬ್ಬ ಶಿಷ್ಯನನ್ನು ತಂದು ಕೂರಿಸಿದರೆ ಇನ್ನೂ ಒಂಬತ್ತು ಉಳಿದವು. ಜನರೂ ಅದನ್ನು ಗಂಡಸರು ಗಂಡಸರನ್ನು ಬೆಳೆಸುವುದು ಅಂತ ಕರೆಯುವುದಿಲ್ಲ. ಸುಮ್ನೆ ಆಫೀಸು ಅಂತ ಕರೆಯುತ್ತಾರೆ.

ಪಂಚಾಯಿತಿಯಲ್ಲಿ ಕಥೆ ಬೇರೆ ಆಗಿದ್ದು ಕುರ್ಚಿ ಜಾಸ್ತಿ ಆಗಿದ್ದಕ್ಕೆ. ಕರ್ನಾಟಕದಲ್ಲಿ 1983ರ ಕಾಯ್ದೆಯೇ ಹೆಂಗಸರಿಗೆ ಶೇಕಡ 25 ಸ್ಥಾನ ಇಟ್ಟಿತ್ತು, ಅದರ ಪ್ರಕಾರ 1987ರಲ್ಲಿ ಮಂಡಲ ಪಂಚಾಯಿತಿ ಚುನಾವಣೆ ಆಯಿತು. ಇಡೀ ದೇಶಕ್ಕೆ ಮೂರನೇ ಒಂದು ಪಾಲು ಅಂತ ಆದದ್ದು ಆಮೇಲೆ, 1993ರಲ್ಲಿ 73ನೇ ತಿದ್ದುಪಡಿ ಜಾರಿಗೆ ಬಂದಾಗ. ಈಗ ನಮ್ಮಲ್ಲಿ ಅರ್ಧಕ್ಕೆ ಅರ್ಧ. ಮೊದಮೊದಲು ಅಧ್ಯಕ್ಷೆಯ ಬದಲಿಗೆ ಅವರ ಯಜಮಾನರೇ ಕುರ್ಚಿ ಎಳೆದುಕೊಂಡು ಕೂತು ಠರಾವು ಓದುತ್ತಿದ್ದರು. ಈಗಲೂ ಎಷ್ಟೋ ಕಡೆ ಹಾಗೇ ನಡೆಯುತ್ತದೆ. ಆದರೆ ನಾನು ಕಂಡ ಮಟ್ಟಿಗೆ ಎರಡನೇ ಸಲ, ಮೂರನೇ ಸಲ ಹೆಂಗಸೇ ಬಂದ ಊರಲ್ಲಿ ಯಜಮಾನರು ಆಚೆ ಬೈಕಿನ ಮೇಲೆ ಕೂತಿರುತ್ತಾರೆ. ಒಳಗೆ ಬರಲ್ಲ. ಇದೂ ಒಂದು ಪ್ರಗತಿ.

ಈ ಎರಡನೇ ಸಲ ಅನ್ನುವುದು ಮುಖ್ಯ. ಲೋರಿ ಬೀಮನ್, ಎಸ್ತರ್ ಡುಫ್ಲೊ, ರೋಹಿಣಿ ಪಾಂಡೆ, ಪೆಟಿಯಾ ಟೊಪಲೋವಾ ಅನ್ನುವ ನಾಲ್ವರು ಅರ್ಥಶಾಸ್ತ್ರಜ್ಞೆಯರು ಪಶ್ಚಿಮ ಬಂಗಾಳದ 495 ಹಳ್ಳಿಗಳನ್ನು ನೋಡಿ 2012ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಎರಡು ಅವಧಿ ಹೆಂಗಸೇ ಪಂಚಾಯಿತಿ ಮುಖ್ಯಸ್ಥೆಯಾಗಿದ್ದ ಹಳ್ಳಿಗಳಲ್ಲಿ, ಗಂಡುಮಗನ ಬಗ್ಗೆ ಇಟ್ಟುಕೊಂಡ ಆಸೆಗೂ ಹೆಣ್ಣುಮಗಳ ಬಗ್ಗೆ ಇಟ್ಟುಕೊಂಡ ಆಸೆಗೂ ಇದ್ದ ಅಂತರ ಅಪ್ಪ ಅಮ್ಮಂದಿರಲ್ಲಿ ಕಮ್ಮಿಯಾಗಿತ್ತು, ಹದಿಹರೆಯದ ಮಕ್ಕಳಲ್ಲಿ ಶೇಕಡ 32ರಷ್ಟು ಕಮ್ಮಿಯಾಗಿತ್ತು. ಓದಿನಲ್ಲಿ ಹುಡುಗಿಯರು ಹುಡುಗರ ಸಮಕ್ಕೆ ಬಂದಿದ್ದರು. ಆ ಮುಖ್ಯಸ್ಥೆಯರು ಯಾರಿಗೂ ಸ್ಫೂರ್ತಿಯ ಭಾಷಣ ಮಾಡಿರಲಿಕ್ಕಿಲ್ಲ. ಕುರ್ಚಿಯಲ್ಲಿ ಕೂತದ್ದನ್ನು ಹುಡುಗಿಯರು ದಿನಾ ನೋಡಿದರು, ಅಷ್ಟೇ.

ವಿಧಾನಸಭೆ, ಲೋಕಸಭೆಯಲ್ಲಿ ಮಾತ್ರ ಇನ್ನೂ ಹಳೇ ಕಥೆ. ದೇವೇಗೌಡರು ಪ್ರಧಾನಿಯಾಗಿದ್ದಾಗ, 1996ರಲ್ಲಿ, ಮಹಿಳಾ ಮೀಸಲಾತಿ ಮಸೂದೆ ಮೊದಲು ಮಂಡನೆಯಾಯಿತು. ಪಾಸಾಗಿದ್ದು 2023ರಲ್ಲಿ, ಅದೂ ಜನಗಣತಿ, ಕ್ಷೇತ್ರ ಮರುವಿಂಗಡಣೆ ಆದ ಮೇಲೆ ಅನ್ನುವ ಷರತ್ತಿನ ಜೊತೆ. ಅದೇ 2023ರ ವಿಧಾನಸಭೆ ಚುನಾವಣೆಯಲ್ಲಿ ಕರ್ನಾಟಕದ 224 ಸ್ಥಾನದಲ್ಲಿ ಗೆದ್ದ ಹೆಂಗಸರು 10. ನಮ್ಮ ಜಿಲ್ಲೆಯ ಪಾಲಿಗೆ ಶಿವಮೊಗ್ಗ ಗ್ರಾಮಾಂತರದಿಂದ ಶಾರದಾ ಪೂರ್ಯಾನಾಯ್ಕ ಒಬ್ಬರು. ಹತ್ತು ಜನ ಇರುವ ಕಡೆ ನೀನು ಇನ್ನೊಬ್ಬಳನ್ನು ಬೆಳೆಸು ಅಂತ ಹೇಳುವುದು ಸುಲಭ, ಎಲ್ಲಿ ಕೂರಿಸಬೇಕು ಹೇಳಿ?

ಇಲ್ಲಿಯವರೆಗೆ ಬೇರೆಯವರ ತಪ್ಪು ಹೇಳಿದ್ದಾಯಿತು. ಈಗ ನನ್ನದು.

ಮೂರು ವರ್ಷದ ಹಿಂದೆ ನಮ್ಮ ಕಚೇರಿಗೆ ಬೆಂಗಳೂರಿನಿಂದ ಒಂದು ತರಬೇತಿಯ ಪತ್ರ ಬಂತು. ಎರಡು ವಾರ, ಸಾಲ ಪರಿಶೀಲನೆಯ ಬಗ್ಗೆ. ಅದು ಮುಗಿಸಿದವರಿಗೆ ಬಡ್ತಿಯ ಲೆಕ್ಕದಲ್ಲಿ ಅನುಕೂಲ. ಒಬ್ಬರನ್ನು ಕಳಿಸಬೇಕು. ನನ್ನ ಕೈಕೆಳಗೆ ಒಬ್ಬಳು ಹುಡುಗಿ ಇದ್ದಾಳೆ, ತುಂಬಾ ಚುರುಕು, ಫೈಲು ನೋಡಿದರೆ ತಪ್ಪು ಎಲ್ಲಿದೆ ಅಂತ ಮೂಸಿ ಹೇಳುವವಳು. ಅವಳ ಮಗುವಿಗೆ ಆಗ ಒಂದೂವರೆ ವರ್ಷ. ಜೂನ್ ತಿಂಗಳು, ಮಳೆ. ಪಾಪ, ಮಗು ಬಿಟ್ಟು ಎರಡು ವಾರ ಹೇಗೆ ಹೋಗ್ತಾಳೆ, ನಾನು ಕೇಳಿದರೆ ಇಲ್ಲ ಅನ್ನೋಕಾಗದೆ ಒದ್ದಾಡ್ತಾಳೆ ಅಂದುಕೊಂಡು ಒಬ್ಬ ಹುಡುಗನ ಹೆಸರು ಬರೆದು ಕಳಿಸಿದೆ. ನಾನು ಒಳ್ಳೆಯದನ್ನೇ ಮಾಡಿದೆ ಅಂತ ಆ ರಾತ್ರಿ ಚೆನ್ನಾಗಿ ನಿದ್ದೆಯೂ ಬಂತು.

ಅವಳು ಏನೂ ಅನ್ನಲಿಲ್ಲ. ಎಂಟು ತಿಂಗಳಾದ ಮೇಲೆ ಒಂದು ದಿನ ಊಟದ ಡಬ್ಬಿ ಮುಚ್ಚುತ್ತಾ ಹೇಳಿದಳು. "ಮೇಡಂ, ಆವತ್ತು ನಮ್ಮಮ್ಮ ಶಿವಮೊಗ್ಗಕ್ಕೆ ಬಂದು ಇರ್ತೀನಿ ಅಂದಿದ್ರು. ಬ್ಯಾಗೂ ತಂದಿಟ್ಟಿದ್ದೆ. ನೀವು ಕೇಳ್ಲೇ ಇಲ್ಲ."

ಆ ತರಬೇತಿಗೆ ಹೋದ ಹುಡುಗನಿಗೂ ಆಗ ಹತ್ತು ತಿಂಗಳ ಮಗು ಇತ್ತು. ಅದು ನನಗೆ ಗೊತ್ತಿತ್ತು. ಹೆಸರಿಡುವ ಶಾಸ್ತ್ರಕ್ಕೆ ಹೋಗಿ ಊಟ ಮಾಡಿ ಬಂದಿದ್ದೆ. ಅವನ ವಿಷಯದಲ್ಲಿ ಪಾಪ ಅನ್ನುವ ಶಬ್ದ ನನ್ನ ತಲೆಗೇ ಬರಲಿಲ್ಲ.

ನನ್ನ ಹಳೇ ಮೇಡಂ ಕೊಟ್ಟ ಏಟು ಕಾಣುವಂಥದ್ದು, ಬೈದುಕೊಂಡು ಬದುಕಬಹುದಿತ್ತು. ನಾನು ಕೊಟ್ಟದ್ದು ಸಕ್ಕರೆ ಹಚ್ಚಿದ್ದು. ಯಾರನ್ನು ಅಂತ ಬೈಯುತ್ತಾಳೆ ಅವಳು? ಈಗ ನೋಡಿದರೆ ಈ ಪಾಪ ಎಲ್ಲಾ ಕಡೆ ಕಾಣಿಸುತ್ತದೆ. ಪಾಪ ರಾತ್ರಿ ಆಗುತ್ತೆ, ಪಾಪ ದೂರ, ಪಾಪ ಅವಳ ಅತ್ತೆ ಜೋರು. ಒಂದು ವಿಷಯ ಹೇಳಲೇಬೇಕು. 2013ರಲ್ಲಿ ಅರುಂಧತಿ ಭಟ್ಟಾಚಾರ್ಯ ಸ್ಟೇಟ್ ಬ್ಯಾಂಕಿನ ಮೊದಲ ಮಹಿಳಾ ಮುಖ್ಯಸ್ಥೆ ಆದರಲ್ಲ, ಅವರ ಕಾಲದಲ್ಲಿ ಹೆಂಗಸರಿಗೆ ಮಕ್ಕಳನ್ನೋ ವಯಸ್ಸಾದವರನ್ನೋ ನೋಡಿಕೊಳ್ಳಲು ಎರಡು ವರ್ಷದವರೆಗೆ ಕೆಲಸ ಬಿಡದೆ ಬಿಡುವು ತೆಗೆದುಕೊಳ್ಳುವ ಅವಕಾಶ ಬಂತು. ಅಲ್ಲಿ ಪಾಪ ಅನ್ನುವ ಮಾತಿಲ್ಲ. ಬಿಡುವು ಬೇಕಾದವಳು ತಗೋ, ಬೇಡವಾದವಳು ಬಿಡು. ತೀರ್ಮಾನ ಅವಳದು. ನಾನು ನಮ್ಮ ಹುಡುಗಿಗೆ ಕೊಡದೇ ಇದ್ದದ್ದು ಅದನ್ನೇ.

ಮತ್ತೆ ಆ ಒಕ್ಕೂಟದ ಅಕ್ಕನ ಕಡೆ ಹೋಗೋಣ, ಅವರ ಕೆಲಸದ ರೀತಿ ಸ್ವಲ್ಪ ಹತ್ತಿರದಿಂದ ನೋಡಿದ್ದೇನೆ. ಗುಂಪು ಅಂದರೆ ಹತ್ತರಿಂದ ಇಪ್ಪತ್ತು ಜನ. ವಾರಕ್ಕೊಮ್ಮೆ ಸೇರುವುದು, ಉಳಿತಾಯ ಕಟ್ಟುವುದು, ಒಳಗೊಳಗೇ ಸಾಲ ಕೊಡುವುದು, ವಸೂಲಿ, ಪುಸ್ತಕ ಬರೆಯುವುದು. ಗುಂಪುಗಳೆಲ್ಲಾ ಸೇರಿ ವಾರ್ಡಿನ ಒಕ್ಕೂಟ, ಅದರ ಮೇಲೆ ಪಂಚಾಯಿತಿ ಮಟ್ಟದ ಒಕ್ಕೂಟ. 2000ದಲ್ಲಿ ಶುರುವಾದ ಸ್ತ್ರೀಶಕ್ತಿ ಗುಂಪುಗಳು, ಆಮೇಲೆ ಬಂದ ಸಂಜೀವಿನಿ ಗುಂಪುಗಳು, ಎಲ್ಲಾ ಕಡೆ ಪದ್ಧತಿ ಹೆಚ್ಚುಕಡಿಮೆ ಇದೇ. ಪದಾಧಿಕಾರಿಗಳು ಎರಡು ಮೂರು ವರ್ಷಕ್ಕೆ ಬದಲಾಗಬೇಕು ಅಂತ ಹೇಳಿಕೊಡುತ್ತಾರೆ. ಸಾಲ ಕೊಡುವ ಕಡೆ ಕೂತ ನನಗೆ ಗೊತ್ತು, ಎಷ್ಟೋ ಗುಂಪಿನಲ್ಲಿ ಹತ್ತು ವರ್ಷದಿಂದ ಅದೇ ಎರಡು ಸಹಿ. ನಮಗೂ ಅದೇ ಸುಲಭ. ಹೊಸ ಸಹಿ ಅಂದರೆ ಹೊಸ ಫೋಟೊ, ಹೊಸ ಆಧಾರ್ ಪ್ರತಿ, ಹೊಸ ಠರಾವು. ಯಾರಿಗೆ ಬೇಕು ರಗಳೆ ಅಂತ ನಾವೂ ಹಳಬರನ್ನೇ ಮುಂದುವರಿಸಿ ಅನ್ನುತ್ತೇವೆ. ಇದು ನಮ್ಮ ತಪ್ಪು.

ಈ ಅಕ್ಕ ಏನು ಮಾಡುತ್ತಾರೆ ಅಂದರೆ ಪ್ರತಿ ಸಭೆಯಲ್ಲಿ ಬೇರೆ ಬೇರೆಯವರ ಕೈಲಿ ನಡಾವಳಿ ಬರೆಸುತ್ತಾರೆ. ನಾನು ಹೋದ ದಿನ ಬರೆದವರಿಗೆ ಐವತ್ತರ ಮೇಲೆ ವಯಸ್ಸು, ಓದಿದ್ದು ನಾಲ್ಕನೇ ಕ್ಲಾಸು. ಒಂದು ಸಾಲು ಬರೆಯಲು ಐದು ನಿಮಿಷ. ಪೆನ್ನು ಒತ್ತಿ ಒತ್ತಿ ಹಿಂದಿನ ಪುಟಕ್ಕೂ ಅಚ್ಚು ಮೂಡಿತ್ತು. ಒತ್ತಕ್ಷರ ಬಂದಾಗ ಕೈ ನಿಂತುಬಿಡುತ್ತಿತ್ತು. ನನಗೋ ಚಡಪಡಿಕೆ, ಪೆನ್ನು ಕಸಿದುಕೊಂಡು ಎರಡು ನಿಮಿಷದಲ್ಲಿ ಬರೆದು ಬಿಸಾಡೋಣ ಅನ್ನಿಸುತ್ತಿತ್ತು. ಅಕ್ಕ ನನ್ನ ಮುಖ ನೋಡಿ, "ಅದಕ್ಕೇ ಬೇಗ ಶುರು ಮಾಡೋದು ಮೇಡಂ. ನಿಧಾನ ಬರೆಯೋರಿಗೂ ಟೈಮ್ ಬೇಕಲ್ಲ" ಅಂದರು. ಬರೆದವರು ಕೊನೆಗೆ ಎದ್ದು ನಿಂತು ತಾವು ಬರೆದದ್ದನ್ನು ಓದಿದರು. ಅನುಮೋದಿಸಲಾಯಿತು ಅನ್ನುವಲ್ಲಿ ಎರಡು ಸಲ ಎಡವಿದರು. ಯಾರೂ ನಗಲಿಲ್ಲ.

ಅದೇ ಪಂಚಾಯಿತಿಯಲ್ಲಿ ಕಸದ ಗಾಡಿ ಓಡಿಸುವವಳು ಒಬ್ಬ ಹೆಂಗಸು. ಸ್ವಚ್ಛ ವಾಹಿನಿ ಅಂತ ಬರೆದಿರುತ್ತದಲ್ಲ, ಆ ಗಾಡಿ. ನಮ್ಮ ರಾಜ್ಯದ ಎಷ್ಟೋ ಹಳ್ಳಿಗಳಲ್ಲಿ ಗುಂಪಿನ ಹೆಂಗಸರಿಗೇ ಡ್ರೈವಿಂಗ್ ಕಲಿಸಿ ಈ ಕೆಲಸ ಕೊಟ್ಟಿದ್ದಾರೆ. ಇವಳು ಈಗ ಭಾನುವಾರ ಶಾಲೆಯ ಮೈದಾನದಲ್ಲಿ ಇನ್ನಿಬ್ಬರಿಗೆ ಗಾಡಿ ಕಲಿಸುತ್ತಾಳೆ. ಯಾಕಮ್ಮಾ, ಅವರು ಕಲಿತರೆ ನಿನ್ನ ಕೆಲಸಕ್ಕೇ ಬರ್ತಾರಲ್ಲ ಅಂತ ತಮಾಷೆ ಮಾಡಿದೆ. "ಬರ್ಲಿ ಮೇಡಂ. ನಂಗೆ ಒಂದು ದಿನ ರಜೆ ಹಾಕ್ಬೇಕಂದ್ರೆ ಬೇರೆ ಯಾರೂ ಇಲ್ಲ. ಹೋದ ಸಲ ಜ್ವರದಾಗೂ ಓಡ್ಸಿದೀನಿ." ನಾನು ಇಷ್ಟು ವರ್ಷದಲ್ಲಿ ಕೇಳಿದ ಅತ್ಯಂತ ನೇರವಾದ ಕಾರಣ ಇದು. ತ್ಯಾಗದ ಮಾತಿಲ್ಲ, ಮಹಿಳಾ ಸಬಲೀಕರಣದ ಮಾತಿಲ್ಲ. ಅವಳಿಗೆ ರಜೆ ಬೇಕು.

ಇಷ್ಟೆಲ್ಲಾ ಹೊಗಳಿದರೂ ಒಂದು ಮುಳ್ಳು ಇದೆ, ಅದನ್ನು ಬಿಟ್ಟು ಬರೆದರೆ ಮನಸ್ಸು ಒಪ್ಪುವುದಿಲ್ಲ. ಹೆಂಗಸರು ಹೆಂಗಸರಿಗೆ ಅಂತ ನಾವು ಹೇಳುವಾಗ ಯಾವ ಹೆಂಗಸರು ಯಾವ ಹೆಂಗಸರಿಗೆ? ನಮ್ಮ ಮನೆ ಅಂಗಳದ ಕಥೆ ಹೇಳುತ್ತೇನೆ. ನಾವು ತೀರ್ಥಹಳ್ಳಿ ಕಡೆಯವರು, ಸ್ವಲ್ಪ ಅಡಿಕೆ ತೋಟ ಇದೆ. ನಾನು ಸಣ್ಣವಳಿದ್ದಾಗ ಸುಲಿಯುವ ಯಂತ್ರ ಬಂದಿರಲಿಲ್ಲ. ಅಡಿಕೆ ಗೊನೆ ಕೊಯ್ಲು ಶುರುವಾದರೆ ರಾತ್ರಿ ಹನ್ನೊಂದರವರೆಗೂ ಅಂಗಳದ ಚಪ್ಪರದ ಕೆಳಗೆ ಹದಿನೈದು ಇಪ್ಪತ್ತು ಹೆಂಗಸರು ಮೆಟ್ಟುಗತ್ತಿ ಇಟ್ಟುಕೊಂಡು ಅಡಿಕೆ ಸುಲಿಯುತ್ತಿದ್ದರು. ಹೆಬ್ಬೆರಳಿಗೆ ಬಟ್ಟೆ ಸುತ್ತಿ, ಚಕ್ ಚಕ್ ಅಂತ, ಮಾತಾಡುತ್ತಾ, ತೂಕಡಿಸುತ್ತಾ. ಪಕ್ಕದಲ್ಲಿ ಹಂಡೆಯಲ್ಲಿ ಅಡಿಕೆ ಬೇಯುವ ಚೊಗರಿನ ವಾಸನೆ. ಕೂಲಿ, ಸುಲಿದ ಅಡಿಕೆಯ ಡಬ್ಬದ ಲೆಕ್ಕದಲ್ಲಿ. ಲೆಕ್ಕದ ಪುಸ್ತಕ ಅಮ್ಮನ ಕೈಯಲ್ಲಿ. ಆ ಅಂಗಳದಲ್ಲಿ ಅಪ್ಪನ ಮಾತು ನಡೆಯುತ್ತಿರಲಿಲ್ಲ, ಅಮ್ಮನೇ ಎಲ್ಲಾ. ನಾನು ನೋಡಿದ ಮೊದಲ ಮಹಿಳಾ ನಾಯಕಿ ಅವರೇ ಅನ್ನಬಹುದು.

ಒಂದು ವರ್ಷ ಅಮ್ಮನಿಗೆ ಕಣ್ಣು ನೋವಾಗಿ ಸುಲಿಯಲು ಬರುವವಳೊಬ್ಬಳ ಮಗಳ ಕೈಗೆ ಪೆನ್ಸಿಲ್ ಕೊಟ್ಟರು. ಎಂಟನೇ ಕ್ಲಾಸು ಓದುವ ಹುಡುಗಿ. ಆ ವಾರ ಕೂಲಿ ಹಣ ಜಾಸ್ತಿ ಆಯಿತು. ಅಪ್ಪ ಹುಡುಗಿಯ ಮೇಲೆ ಅನುಮಾನ ಪಟ್ಟರು. ಕೂತು ನೋಡಿದರೆ ಅವಳು ಸರಿಯಾಗೇ ಬರೆದಿದ್ದಳು. ಅರ್ಧ ಡಬ್ಬ ಆದರೆ ಅರ್ಧ ಅಂತ ಬರೆದಿದ್ದಳು, ಅಷ್ಟೇ. ಅಮ್ಮ ಇಷ್ಟು ವರ್ಷ ಅರ್ಧವನ್ನು ಬಿಟ್ಟುಬಿಡುತ್ತಿದ್ದರು. ಕೆಟ್ಟವರಲ್ಲ ನಮ್ಮಮ್ಮ. ಸುಲಿಯುವವರಿಗೆ ಮಧ್ಯರಾತ್ರಿ ಬೆಲ್ಲದ ಕಾಫಿ ಕೊಟ್ಟು, ಬಾಣಂತಿಯರಿಗೆ ತುಪ್ಪ ಕಳಿಸಿ, ಎಷ್ಟೋ ಜನರ ಹೆರಿಗೆಗೆ ಓಡಿದವರು. ಅರ್ಧ ಡಬ್ಬ ಮಾತ್ರ ಬರೆಯುತ್ತಿರಲಿಲ್ಲ. ಕಣ್ಣು ವಾಸಿಯಾದ ಮೇಲೆ ಪೆನ್ಸಿಲ್ ವಾಪಸ್ ತಗೊಂಡರು. ಆ ಹುಡುಗಿ ಮಾರನೇ ವರ್ಷ ಸುಲಿಯಲು ಕೂತಳು.

ಈಗಿನ ಒಕ್ಕೂಟಗಳಲ್ಲೂ ನಾನು ಇದನ್ನು ನೋಡುತ್ತೇನೆ. ತೋಟ ಇರುವ ಮನೆಯ ಹೆಂಗಸು ಅಧ್ಯಕ್ಷೆ. ಅವಳ ಅಂಗಳಕ್ಕೆ ಕೂಲಿಗೆ ಬರುವವಳು ಸದಸ್ಯೆ. ಸಾಲದ ಪಟ್ಟಿಯಲ್ಲಿ ತನ್ನ ಹೆಸರು ಯಾಕಿಲ್ಲ ಅಂತ ಸಭೆಯಲ್ಲಿ ಕೇಳಿದರೆ ನಾಳೆ ಕೂಲಿಗೆ ಕರೆಯುತ್ತಾರೋ ಇಲ್ಲವೋ. ಕಾಲೊನಿಯಿಂದ ಬಂದವರು ಕುರ್ಚಿ ಖಾಲಿ ಇದ್ದರೂ ಬಾಗಿಲ ಹತ್ತಿರ ಚಾಪೆ ಮೇಲೆ ಕೂರುತ್ತಾರೆ. ಬಸ್ಸಿನ ಟೈಮ್ ಕೇಳುವ ನಮ್ಮ ಅಕ್ಕನ ಸಭೆಯಲ್ಲೂ ಚಾಪೆ ಇತ್ತು. ಕುರ್ಚಿ ಮೇಲೆ ಕೂರಿ ಅಂದರು ಅವರು. ಇಲ್ಲೇ ಆರಾಮ ಅಕ್ಕಾ ಅಂದರು ಇವರು. ಮತ್ತೆ ಯಾರೂ ಹೇಳಲಿಲ್ಲ, ನಾನೂ ಹೇಳಲಿಲ್ಲ.

ಎರಡೂ ಮುಕ್ಕಾಲಿಗೆ ಸಭೆ ಮುಗಿಯಿತು. ಛತ್ರಿಗಳು ಬಿಚ್ಚಿಕೊಂಡವು. ಕಳಲೆ ಪಲ್ಯ, ಕೊಟ್ಟೆ ಕಡುಬು ಕಟ್ಟಿಕೊಟ್ಟರು. ತರಬೇತಿಗೆ ಹೋಗದ ನಮ್ಮ ಹುಡುಗಿ ಅವತ್ತು ನನ್ನ ಜೊತೆ ಫೈಲು ಹಿಡಿದು ಬಂದಿದ್ದಳು. ಸಭೆ ಪೂರ್ತಿ ಹಿಂದೆ ಕೂತು, ಯಾರ್ಯಾರದ್ದೋ ಪಾಸ್‌ಬುಕ್ಕು ನೋಡಿ ಬಡ್ಡಿ ಲೆಕ್ಕ ಬಿಡಿಸಿ ಹೇಳುತ್ತಿದ್ದಳು. ಅಧ್ಯಕ್ಷೆ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು. "ಮೇಡಂ, ಮುಂದಿನ ಸಲ ಸಾಲದ ವಿಷಯ ಅವರೇ ಹೇಳ್ಲಿ. ನಿಮ್ದು ಸ್ವಲ್ಪ ಉದ್ದ ಆಗ್ತದೆ."

ಆಗಸ್ಟಿನಲ್ಲಿ ಅವಳೊಬ್ಬಳನ್ನೇ ಕಳಿಸಿದೆ. ಬೆಳಿಗ್ಗೆಯಿಂದ ಮೂರು ಸಲ ಫೋನ್ ಮಾಡಿದೆ, ತೆಗೆಯಲಿಲ್ಲ. ಯಾವುದಾದರೂ ಕಾಗದ ಮರೆತಳಾ, ಬಡ್ಡಿ ದರ ತಪ್ಪು ಹೇಳಿದಳಾ ಅಂತ ಒಂದೇ ತಳಮಳ. ನಾಲ್ಕು ಗಂಟೆಗೆ ಮೆಸೇಜ್ ಬಂತು. "ಬಸ್ಸಲ್ಲಿದೀನಿ ಮೇಡಂ, ಅಲ್ಲಿ ನೆಟ್‌ವರ್ಕ್ ಇರಲಿಲ್ಲ. ಎರಡು ಗುಂಪಿನ ಸಹಿ ಬದಲಾಯ್ಸಕ್ಕೆ ಠರಾವು ಮಾಡಿಸಿದೀನಿ. ಕಡುಬು ಕೊಟ್ಟಿದಾರೆ, ನಿಮಗೂ ತರ್ತಿದೀನಿ. ಮುಂದಿನ ತಿಂಗಳೂ ನನ್ನನ್ನೇ ಬರಕ್ಕೆ ಹೇಳಿದಾರೆ."

ಓದಿ ಖುಷಿಯಾಯಿತು. ಕೊನೆಯ ಸಾಲನ್ನು ಮಾತ್ರ ಇನ್ನೊಂದು ಸಲ ಓದಿದೆ. ಎಲ್ಲೋ ಸ್ವಲ್ಪ ಚುಚ್ಚಿತು. ಎರಡು ಗುಂಪಿನ ಹೊಸ ಸಹಿ, ಹೊಸ ಫೋಟೊ, ಹೊಸ ಆಧಾರ್ ಪ್ರತಿ, ಎಲ್ಲಾ ರಗಳೆ ನಾಳೆ ನನ್ನ ಟೇಬಲ್ಲಿಗೇ ಬರುವುದು. ಸರಿ ಅಂತ ಟೈಪ್ ಮಾಡಿ, ಕಡುಬು ಜಾಸ್ತಿ ತಾ ಅಂತ ಸೇರಿಸಿ ಕಳಿಸಿದೆ.